ತಂಗಿ ನಕ್ಕ ಫೋಟೋ

ನಮ್ಮ ಚಾಚಾ ಮದುವೆಯ ಫೋಟೋದಲ್ಲಿ ಯಾರನ್ನೂ ನಗಲು ಬಿಡುತ್ತಿರಲಿಲ್ಲ.

ಚಾಚಾ ಎಂದರೆ ನಾನು ಕೆಲಸಕ್ಕಿದ್ದ ಸ್ಟುಡಿಯೋದ ಮಾಲಕರು. ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಓಣಿಯಲ್ಲಿ ಅವರ ಅಂಗಡಿ ಇತ್ತು. ಈಗಿನ ವಿಜಯಪುರಕ್ಕೆ ಆಗ ನಾವು ವಿಜಾಪುರ ಅನ್ನುತ್ತಿದ್ದೆವು. ಎಪ್ಪತ್ತರ ದಶಕದ ಮಾತು. ನಾನು ಟಿಕೋಟಾದವನು. ಮೀಸೆ ಬಂದ ಮೇಲೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಸರ್ಕಾರಿ ನೌಕರಿ ಎಲ್ಲಿ ಸಿಗಬೇಕು? ಚಾಚಾ ಕರೆದು ಕೆಲಸ ಕೊಟ್ಟರು, ಕ್ಯಾಮೆರಾ ಹಿಡಿಯಲು ಕಲಿಸಿದರು. ಹಿಂದೂಗಳ ಮದುವೆ ಇರಲಿ, ಮುಸ್ಲಿಮರ ನಿಕಾಹ್ ಇರಲಿ, ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ ಹೋಗುತ್ತಿದ್ದರು.

ಅವರ ಪದ್ಧತಿ ಹೀಗಿತ್ತು. ಮೊದಲು ಜಮಖಾನೆ ಹಾಸಬೇಕು. ಹಿಂದೆ ಕುರ್ಚಿ ಇಡಬೇಕು. ಕುರ್ಚಿಯ ಮೇಲೆ ಹಿರಿಯರು, ಹಿಂದೆ ಹೆಣ್ಣುಮಕ್ಕಳು, ಜಮಖಾನೆಯ ಮೇಲೆ ಮಕ್ಕಳು. ಗಂಡಸರ ಕೈ ಮೊಣಕಾಲ ಮೇಲೆ. ಹುಡುಗಿಯ ಕಣ್ಣು ಕೆಳಗೆ, ಹುಡುಗನ ಕಣ್ಣು ಕ್ಯಾಮೆರಾದ ಕಡೆ. ಫೋಟೋದ ಅಂಚಿನಲ್ಲಿ ಯಾರ ಕೈಯೂ ಯಾರ ಕಾಲೂ ಕತ್ತರಿಸಿ ಹೋಗಬಾರದು. ಎಲ್ಲ ಸರಿಯಾದ ಮೇಲೆ ಚಾಚಾ ಕೈ ಎತ್ತಿ ಕೂಗುತ್ತಿದ್ದರು: “ದಮ್ ಹಿಡೀರಿ!” ಇಡೀ ಬೀಗರ ಬಳಗ ಉಸಿರು ಬಿಗಿಹಿಡಿದು ಕಣ್ಣು ಅರಳಿಸಿ ನಿಲ್ಲುತ್ತಿತ್ತು.

ಒಮ್ಮೆ ಬಿಜ್ಜರಗಿಯ ಒಂದು ಮದುವೆಯಲ್ಲಿ ಮುದುಕರೊಬ್ಬರಿಗೆ ಬೇಸರ ಬಂದು, “ಅಲ್ರಿ ಫೋಟೋದವ್ರ, ನಾವು ಮದುವಿಗೆ ಬಂದೇವೋ ಮಣ್ಣಿಗೆ ಬಂದೇವೋ?” ಎಂದು ಕೇಳಿದರು.

“ಎರಡೂ ಕಡೆ ಇದ ಫೋಟೋ ನಡೀತದ ಯಜಮಾನ್ರ, ಸುಮ್ಮ ಕುಂದರ್ರಿ,” ಎಂದರು ಚಾಚಾ.

ಎಲ್ಲರೂ ನಕ್ಕರು. ಆ ನಗು ಪೂರಾ ಇಳಿಯುವ ತನಕ ಚಾಚಾ ಗುಂಡಿ ಒತ್ತಲಿಲ್ಲ. ಆ ಮುದುಕರ ಬೊಚ್ಚುಬಾಯಿಯ ನಗು ಎಷ್ಟು ಚೆಂದ ಇತ್ತು! ಫೋಟೋದಲ್ಲಿ ಅವರು ಸಾಕ್ಷಿ ಹೇಳಲು ನಿಂತವರ ಹಾಗೆ ಬಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದೆ. “ಚಾಚಾ, ಅವ್ರು ನಗುವಾಗ ಹೊಡೀಬೇಕಿತ್ತರಿ.”

“ಅದು ಕಳುವಿನ ಫೋಟೋ ಆಕ್ಕೈತಿ ಬೇಟಾ. ಮಂದಿಗೆ ಗೊತ್ತಿಲ್ಲದಂಗ ಅವ್ರ ಮಾರಿ ತಗೊಂಡು ಬಂದಂಗ. ಮದುವಿ ಫೋಟೋ ನಾವ್ ನೋಡಾಕಲ್ಲ, ಬೀಗರು ನೋಡಾಕ.”

ಈಗಿನವರು ಅದಕ್ಕೆ ಕ್ಯಾಂಡಿಡ್ ಎಂದು ಹೆಸರಿಟ್ಟಿದ್ದಾರೆ. ಅದಕ್ಕೆಂದೇ ಬೇರೆ ಹುಡುಗರನ್ನು ಕರೆಸುತ್ತಾರೆ. ಆಗ ಅದು ಬರೀ ಕಳುವು. ನಾನು ಚಾಚಾನ ಮಾತು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆದರೆ ಬೀಗರು ನೋಡುವ ನೋಟ ಎಂಥದ್ದು ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನ್ನ ತಂಗಿಯ ಮದುವೆ ಬಂತು. ಹುಡುಗ ಬಬಲೇಶ್ವರದವನು. ವಿಜಾಪುರದ ಒಂದು ಆಫೀಸಿನಲ್ಲಿ ಕಾರಕೂನ, ಸೊಲ್ಲಾಪುರ ರಸ್ತೆಯಲ್ಲಿ ಒಂದು ಖೋಲಿ ಹಿಡಿದಿದ್ದ. ಊರಲ್ಲಿ ಹೊಲ ಇತ್ತು. ತಾಯಿ ಮತ್ತು ಅಣ್ಣ ಮನೆ ನಡೆಸುತ್ತಿದ್ದರು. ನೌಕರಿ ಇದ್ದ ಹುಡುಗ ಸಿಕ್ಕ ಎಂದು ಅಪ್ಪ ಹಿಗ್ಗಿದ್ದರು.

ಅದಕ್ಕೂ ಮೊದಲು ಇನ್ನೊಂದು ಮಾತು ಮನೆಯಲ್ಲಿ ಆಗಿತ್ತು. ಅವ್ವನ ಕಡೇ ತಮ್ಮ, ನಮ್ಮ ಸೋದರಮಾವ, ನಮ್ಮ ಮನೆಯಲ್ಲೇ ಬೆಳೆದವನು. ನಾವು ಮಾಮಾ ಅನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನು, ಅಷ್ಟೆ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಮೊಮ್ಮಗಳು ಮನೆಯಲ್ಲೇ ಉಳಿಯಲಿ ಎಂಬ ಆಸೆ ಇತ್ತು. ಒಂದು ದಿನ ಊಟಕ್ಕೆ ಕುಳಿತಾಗ ಬಾಯಿಬಿಟ್ಟು ಹೇಳಿಯೂ ಬಿಟ್ಟಳು.

ಮಾಮಾ ರೊಟ್ಟಿ ಕೆಳಗಿಟ್ಟ. “ಯವ್ವಾ, ಈಕಿನ್ನ ಮಾಡ್ಕೊಂಡು ನಾ ಯಾವ ಊರಿಗೆ ಓಡಿ ಹೋಗ್ಲಿ?”

“ಹೋಗ್ ಹೋಗ, ಗೊರಕಿ ಹೊಡಿಯಾಂವ!” ಎಂದಳು ತಂಗಿ. “ನಿನ್ನ ಮಾಡ್ಕೊಳ್ಳಾಕಿ ಕಿವಿಗೆ ಹತ್ತಿ ಇಟ್ಕೊಂಡ ಬರಬೇಕ.”

ಹೇಳಿ ತಾನೇ ನಕ್ಕಳು. ತಂಗಿ ನಗುವುದು ಅಂದರೆ ಇಡೀ ಮೈ ನಗಬೇಕು. ಬಾಯಿ ಅಗಲ ಆಗುತ್ತಿತ್ತು, ಕಣ್ಣು ಮುಚ್ಚಿ ಹೋಗುತ್ತಿದ್ದವು, ಹತ್ತಿರ ಇದ್ದವರ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಅವ್ವ ಎಷ್ಟೋ ಸಲ, “ಹಲ್ಲು ಮುಚ್ಚ ಬೇ, ನಾಳಿ ಮಂದಿ ಮನಿಗೆ ಹೋಗಾಕಿ,” ಎಂದು ಬೈಯುತ್ತಿದ್ದಳು. ಆಯಿಯ ಮಾತು ಅಲ್ಲಿಗೇ ಮುಗಿಯಿತು. ಆದರೆ ಊರಲ್ಲಿ ಇಂಥ ಮಾತು ಗೋಡೆಯೊಳಗೆ ನಿಲ್ಲುವುದಿಲ್ಲ. ಬಬಲೇಶ್ವರದವರ ಕಿವಿಗೂ ಎಂದೋ ಬಿದ್ದಿತ್ತು.

ಮದುವೆ ಟಿಕೋಟಾದಲ್ಲಿ, ನಮ್ಮ ಮನೆಯ ಮುಂದೆಯೇ. ಚಾಚಾ ಎರಡು ಕ್ಯಾಮೆರಾ ತಂದರು. ಹಳೆಯದನ್ನು ನನ್ನ ಕೊರಳಿಗೆ ಹಾಕಿ, “ನಿನ್ನ ತಂಗಿ ಮದುವಿ. ಇವತ್ತೊಂದಿನ ನಿನ್ನ ಕಳವು ಮಾಡ್ಕೊ,” ಎಂದರು.

ಬೆಳಿಗ್ಗೆ ಸುರಗಿ ಇತ್ತು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಸಿನ ಹಚ್ಚಿ ನೀರು ಹಾಕುತ್ತಾರೆ. ಶಾಸ್ತ್ರ ಮುಗಿಯಿತು. ಹುಡುಗ ಒಣ ಧೋತರ ಉಡಲು ಒಳಗೆ ಹೋದ. ಅವನ ಕಡೆಯವರೂ ಅವನ ಹಿಂದೆ ಹೋದರು. ತಂಗಿ ಏಳುವಷ್ಟರಲ್ಲಿ ಮಾಮಾ ಹಿಂದಿನಿಂದ ಬಂದು, ಅವಳು ಓಡಬಾರದೆಂದು ಎಡಗೈಯಲ್ಲಿ ಜಡೆ ಹಿಡಿದ, ಬಲಗೈಯಲ್ಲಿದ್ದ ತಣ್ಣೀರಿನ ಕೊಡವನ್ನು ತಲೆಯ ಮೇಲೆ ಪೂರಾ ಬೋರಲು ಹಾಕಿದ.

“ಗೊರಕಿ ಹೊಡಿಯಾಂವ ಅಂದಿದ್ದೆಲ್ಲ, ತಗೋ!”

“ಯವ್ವಾ, ಸತ್ನ್ಯೋ! ಬಿಡೋ ಮಾಮಾ, ಜಡಿ ಕಿತ್ತ ಬರತೈತಿ!”

ಅವಳು ನಕ್ಕಳು. ನಾನು ಗುಂಡಿ ಒತ್ತಿದೆ.

ತೊಳೆದ ಮೇಲೆ ಫೋಟೋ ನೋಡಿ ನನಗೇ ನಂಬಿಕೆ ಆಗಲಿಲ್ಲ. ನೀರು ಗಾಜಿನ ಚೂರುಗಳ ಹಾಗೆ ಅವಳ ಸುತ್ತ ನಿಂತಿತ್ತು. ಅರಿಸಿನ ಬಳಿದ ಮುಖ, ಮುಚ್ಚಿದ ಕಣ್ಣು, ಅಗಲ ಬಾಯಿ. ಮಾಮಾ ಬಂದಿರಲಿಲ್ಲ. ಕೊಡವೂ ಬಂದಿರಲಿಲ್ಲ. ಅಂಚಿನಲ್ಲಿ ಅವನ ತೋಳು ಮಾತ್ರ ಬಂದಿತ್ತು. ಮೇಲೆ ಸರಿಸಿದ ಅಂಗಿಯ ತೋಳು, ಬಿಚ್ಚಿಡಲು ಮರೆತ ಕೈಗಡಿಯಾರ, ಮುಷ್ಟಿಯಲ್ಲಿ ತಂಗಿಯ ಜಡೆ.

ಚಾಚಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಚೊಲೋ ಬಂದೈತಿ,” ಎಂದರು. “ನಿಮ್ಮ ಮನಿಯಾಗ ಇಟ್ಕೊ. ಅಲ್ಬಮ್‌ನ್ಯಾಗ ಹಾಕಬ್ಯಾಡ.”

ನಾನು ಹಾಕಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಒಣಗಲು ತಂತಿಗೆ ಸಿಕ್ಕಿಸಿದ್ದ ಆ ಫೋಟೋವನ್ನು ತೆಗೆದು ಆರಿಸಿದವನು ತಂಗಿಯ ಗಂಡ. ಆಫೀಸು ಬಿಟ್ಟ ಮೇಲೆ ಸೈಕಲ್ ಮೇಲೆ ಸ್ಟುಡಿಯೋಕ್ಕೆ ಬಂದಿದ್ದ. ಚಾಚಾ ಮಂದಿಯನ್ನು ನಿಲ್ಲಿಸಿ ತೆಗೆದ ಫೋಟೋಗಳನ್ನೆಲ್ಲ ಇಸ್ಪೀಟು ಎಲೆಗಳ ಹಾಗೆ ಸರಸರ ತಿರುವಿದ. ಆಮೇಲೆ ತಂತಿಯ ಕಡೆ ನೋಡಿದವನು ಅಲ್ಲೇ ನಿಂತುಬಿಟ್ಟ.

“ಇದ ಬೇಕ್ರಿ ನನಗ.”

“ಅದು ಸುಮ್ಮ ಹೊಡದದ್ದು ಸಾಹೇಬ್ರ, ಮನಿಯವ್ರ ಸಲುವಾಗಿ,” ಎಂದರು ಚಾಚಾ.

“ನಾ ಯಾರು ಮತ್ತ? ಮನಿಯವನ ಅಲ್ಲೇನು?” ಎಂದು ನಕ್ಕ. ಅಂಚಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದ: “ಇದ್ಯಾರ ಕೈ?”

“ನಮ್ಮ ಮಾಮಾಂದರಿ. ಕೊಡದ ನೀರು ಸುರಿವ್ಯಾನ.”

“ಜಡಿ ಕಿತ್ತ ಕೈಯಾಗ ಕೊಡತಿದ್ದ ನೋಡ್ರಿ, ನಾ ಆಕಿನ್ನ ಮದುವಿ ಆಗಿ ಕರಕೊಂಡ ಹೋಗ್ಲಿಲ್ಲಂದ್ರ!” ಎಂದು ಮತ್ತೂ ನಕ್ಕ.

ಚಾಚಾ ಬಿಡಲಿಲ್ಲ. “ಬ್ಯಾಡ್ರಿ ಸಾಹೇಬ್ರ. ನಿಮ್ಮ ತಾಯಾರು, ನಿಮ್ಮ ಅಣ್ಣಾರು ನೋಡ್ತಾರ.”

“ನೋಡ್ಲಿ ಬಿಡ್ರಿ. ನಮ್ಮ ಮನ್ಯಾಗ ಹಿಂಗ ನಗೋರು ಒಬ್ರೂ ಇಲ್ಲ.”

“ಅದಕ್ಕ ಹೇಳಾಕತ್ತೀನಿ.”

ಅವನು ಕೇಳಲಿಲ್ಲ. ಮೊದಲನೇ ಪುಟಕ್ಕೆ ಅದನ್ನೇ ಹಚ್ಚಿಸಿಕೊಂಡು, ಅಲ್ಬಮ್ಮನ್ನು ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡು ಸೈಕಲ್ ಹತ್ತಿದ. ಆ ಸಂಜೆ ನನಗೆ ಆದ ಸಂತೋಷ ನಾನು ಮರೆತಿಲ್ಲ. ನನ್ನ ಫೋಟೋ ಮೆಚ್ಚಿದ ಎಂದಲ್ಲ. ತಂಗಿಗೆ ಅವಳ ನಗು ಮೆಚ್ಚುವ ಗಂಡ ಸಿಕ್ಕ ಎಂದು.

ಪಂಚಮಿಗೆ ತಂಗಿ ಬಬಲೇಶ್ವರದ ಅತ್ತೆಮನೆಯಿಂದ ತವರಿಗೆ ಬಂದಳು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಕರೆಯಲು ಬರಬೇಕು. ಬರಲಿಲ್ಲ. ಶ್ರಾವಣ ಮುಗಿಯಿತು, ಗಣಪತಿ ಹಬ್ಬ ಮುಗಿಯಿತು, ಯಾರೂ ಬರಲಿಲ್ಲ. ಹೊಲಕ್ಕೆ ಹೋಗುವ ಹೆಂಗಸರು ನಮ್ಮ ಕಟ್ಟೆಯ ಮುಂದೆ ನಿಂತು, “ಮಗಳು ಇನ್ನೂ ಇಲ್ಲೇ ಅದಾಳಲ್ಲ ಬೇ?” ಎಂದು ಅವ್ವನನ್ನು ಕೇಳತೊಡಗಿದರು. ಕೇಳುವವರಿಗೆ ಉತ್ತರ ಗೊತ್ತಿರುತ್ತಿತ್ತು.

ಅವ್ವ ಒತ್ತಿ ಕೇಳಿದಾಗ ತಂಗಿ ಹೇಳಿದಳು. “ಅತ್ತಿಯಾರು ಫೋಟೋದಾಗಿನ ತೋಳು ಯಾರದು ಅಂದ್ರು. ಮಾಮಾಂದು ಅಂದೆ. ಅವತ್ತಿಂದ ಯಾರೂ ನನ್ನ ಕೂಡ ಮಾತಾಡಿಲ್ಲ. ನೀರಿಗೆ ಹೋದ್ರೂ ನಾದಿನಿ ಹಿಂದ ಬರ್ತಾಳ.”

“ನಿನ್ನ ಗಂಡ ಏನಂದ?”

“ಏನೂ ಅನ್ನಂಗಿಲ್ಲ. ಶನಿವಾರ ಬರ್ತಾರ, ಸೋಮವಾರ ಹೋಗ್ತಾರ.”

ಗಂಡ ಬಿಟ್ಟವಳು ಎಂದು ತವರಲ್ಲಿ ಕೂತ ಹುಡುಗಿಯ ಬಾಳು ಆ ಕಾಲದಲ್ಲಿ ಏನಾಗುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಅಪ್ಪ, ಊರಿನ ಒಬ್ಬ ಹಿರಿಯರು ಮತ್ತು ನಾನು ಬಬಲೇಶ್ವರಕ್ಕೆ ಹೋದೆವು. ಭಾನುವಾರ ನೋಡಿಯೇ ಹೋದೆವು, ಅಳಿಯ ಮನೆಯಲ್ಲಿ ಇರಬೇಕು ಎಂದು.

ಇದ್ದ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ನನ್ನನ್ನು ನೋಡಿ ಬರ್ರಿ ಎಂದ, ಅಷ್ಟೇ. ಚಹಾ ಬಂತು. ಯಾರೂ ಮುಟ್ಟಲಿಲ್ಲ. ಅವನ ಅಣ್ಣ ಅಲ್ಬಮ್ಮನ್ನು ತಂದು ನಮ್ಮ ಮುಂದೆ ಬಿಚ್ಚಿಟ್ಟ.

“ಬೀಗ್ರ, ನೀವ ನೋಡ್ರಿ. ತಾಳಿ ಇನ್ನೂ ಕೊರಳಿಗೆ ಬಿದ್ದಿಲ್ಲ, ಇದೆಂಥಾ ನಗಿ?”

“ಸುರಗಿ ದಿನ ಎಲ್ಲಾರೂ ನಗ್ತಾರಲ್ರಿ,” ಎಂದರು ಅಪ್ಪ.

“ಎಲ್ಲಾರ ಜಡಿ ಎಲ್ಲಾರೂ ಹಿಡಿತಾರೇನು?” ಎಂದಳು ತಂಗಿಯ ಅತ್ತೆ ಬಾಗಿಲ ಮರೆಯಿಂದ. “ಆ ಮಾಮಾಗ ಕೊಡಾಂವ್ರಿದ್ರಿ ಅಂತ ನಮಗೂ ಗೊತ್ತೈತಿ. ಕೊಟ್ಟಿದ್ರ ಕೊಟ್ಟಬಿಡಬೇಕಿತ್ತು. ನಮ್ಮ ಮನಿಗ್ಯಾಕ ತಂದು ಹಾಕಿದ್ರಿ?”

ಇದಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. ಅದೇ ರೀಲಿನ ಮುಂದಿನ ಫೋಟೋ ಚೀಲದಲ್ಲಿತ್ತು. ಅದರಲ್ಲಿ ಮಾಮಾ ಪೂರಾ ಬಂದಿದ್ದ, ಕೊಡ ಬಂದಿತ್ತು, ಅವ್ವ, ಆಯಿ, ಓಣಿಯ ಹೆಂಗಸರು ಎಲ್ಲರೂ ನೀರಿನಲ್ಲಿ ತೊಯ್ದು ನಗುತ್ತಿದ್ದರು. ತೆಗೆದು ಕೊಟ್ಟೆ. ಅಣ್ಣ ನೋಡಿದ, ತಾಯಿಗೆ ಕೊಟ್ಟ. ತಾಯಿ ನೋಡಿ ಹೇಳಿದಳು: “ಹಡದಾಕಿ ನಿಂತು ನಗಾಕತ್ತಾಳ. ಇನ್ನ ಮಗಳಿಗೆ ಏನಂತ ಬುದ್ಧಿ ಹೇಳ್ಯಾಳು?”

ನಮ್ಮ ಹಿರಿಯರು ನಡುವೆ ಬಂದರು. “ಬೀಗತಿಯವ್ರ, ಆ ತೋಳಿಗೆ ನಿಮ್ಮ ತಕರಾರು ಹೌದಿಲ್ಲ? ಕತ್ತರಿ ತೊಗೊಂಡು ಅಂಚು ಕತ್ತರಿಸಿ ಒಗೀರಿ. ಮುಗೀತು.”

“ತೋಳ ಕತ್ತರಿಸಿದ್ರ ನಗಿ ಉಳೀತೈತಲ್ರಿ,” ಎಂದಳು ಅತ್ತೆ.

ಇನ್ನು ಉಳಿದದ್ದು ಒಂದೇ ದಾರಿ. ಅದು ಕಂಬಕ್ಕೆ ಒರಗಿ ಕೂತಿತ್ತು. ಅವನೊಬ್ಬ ಬಾಯಿಬಿಟ್ಟರೆ ಸಾಕಾಗಿತ್ತು. ಆ ಫೋಟೋ ತಾನೇ ಆರಿಸಿದ್ದು, ಆ ಕೈ ಯಾರದೆಂದು ಕೇಳಿ ತಿಳಿದುಕೊಂಡೇ ಆರಿಸಿದ್ದು, ತನ್ನ ಹೆಂಡತಿ ನಗುವುದು ತನಗೆ ಸೇರುತ್ತದೆ ಎಂದು ಹೇಳಿದ್ದರೆ ಅತ್ತೆಯ ಮಾತಿಗೆ ಬೇರು ಇರುತ್ತಿರಲಿಲ್ಲ. ನಾನು ಅವನನ್ನೇ ಕೇಳಿದೆ.

“ನೀವ ಹೇಳ್ರಿ. ಅಂದು ಸ್ಟುಡಿಯೋಕ್ಕ ಬಂದು ಈ ಫೋಟೋ ಆರಿಸಿದಾವ್ರು ಯಾರು?”

ಎಲ್ಲರೂ ಅವನ ಕಡೆ ತಿರುಗಿದರು. ಅವನು ಅಣ್ಣನ ಮುಖ ನೋಡಿದ. ಬಾಗಿಲ ಕಡೆ ನೋಡಿದ. ಆಮೇಲೆ ಚಹಾದ ಬಸಿಯಲ್ಲಿ ಬಿದ್ದ ನೊಣವನ್ನು ಬೆರಳಿನಿಂದ ಎತ್ತಿ ಒಗೆದ.

“ನಂಗೇನು ಗೊತ್ತರಿ? ಸ್ಟುಡಿಯೋದವ್ರು ಹಚ್ಚಿರಬೇಕು. ನಾ ಬಿಚ್ಚಿ ನೋಡಿರ್ಲಿಲ್ಲ.”

ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದು ಹೊರಗೆ ಬರುವ ಮೊದಲೇ ಅಪ್ಪ ನನ್ನ ತೊಡೆ ಹಿಂಡಿದರು. ಅಳಿಯನನ್ನು ಸುಳ್ಳುಗಾರ ಅಂದರೆ ಗೆದ್ದೇವು, ಮಗಳು ಟಿಕೋಟಾದಲ್ಲೇ ಉಳಿದಾಳು. ಅಪ್ಪ ಆ ಲೆಕ್ಕ ನನಗಿಂತ ಬೇಗ ಮಾಡಿದ್ದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು:

“ತಪ್ಪಾತ್ರಿ. ನಮ್ಮ ಹುಡುಗಂದು ತಪ್ಪು. ಅವಂಗ ತಿಳುವಳಿಕಿ ಇಲ್ಲ.”

“ಹೌದ ಮತ್ತ,” ಎಂದ ಅಣ್ಣ, ಒಮ್ಮೆಲೆ ಮೆತ್ತಗಾಗಿ. “ಫೋಟೋ ಹೊಡಿಯಾಂವಂಗ ಏನ ಹೊಡೀಬೇಕು, ಏನ ಹೊಡೀಬಾರದು ಅನ್ನೂದು ಗೊತ್ತಿರಬೇಕು.”

ಎಲ್ಲರಿಗೂ ಹಗುರಾಯಿತು. ತಪ್ಪು ಹೊರುವವನು ಒಬ್ಬ ಸಿಕ್ಕಿದ್ದ. ಅಣ್ಣ ಆ ಫೋಟೋ ಕಿತ್ತು ಹರಿದ. ನಾನು ಒಯ್ದಿದ್ದನ್ನೂ ಹರಿದ. ಮಾಮಾ ಆ ಮನೆಯ ಹೊಸ್ತಿಲು ತುಳಿಯಬಾರದು, ತಂಗಿ ಅವನ ಕೂಡ ಮಾತಾಡಬಾರದು ಎಂದು ಮಾತಾಯಿತು. ಅಪ್ಪ ಒಪ್ಪಿದರು. ಆರಿದ ಚಹಾ ಎಲ್ಲರೂ ಕುಡಿದೆವು. ಅವನೂ ಕುಡಿದ.

ಮರುವಾರ ತಂಗಿಯನ್ನು ಬಿಟ್ಟು ಬಂದೆವು. ಹೋಗುವಾಗ ಅವಳು ಅಳಲಿಲ್ಲ. ನಡೆದದ್ದನ್ನೆಲ್ಲ ನಾನೇ ಅವಳಿಗೆ ಹೇಳಿದ್ದೆ, ಗಂಡ ಹೇಳಿದ ಸುಳ್ಳನ್ನೂ. ಅವಳು ಕೇಳಿಕೊಂಡು, “ಹೌದಾ?” ಎಂದಿದ್ದಳು. ಮುಂದೆ ಬಿಜ್ಜರಗಿಯಲ್ಲಿ ಮಾಮಾನ ಮದುವೆ ಆಯಿತು. ಅವಳನ್ನು ಕಳಿಸಲಿಲ್ಲ. ಸುರಗಿಯಲ್ಲಿ ನೀರು ಹಾಕುವಾಗ ಯಾರೋ ಚೇಷ್ಟೆ ಮಾಡಲು ಬಂದರೆ ಮಾಮಾ, “ಬ್ಯಾಡ್ರಿ, ಲಗೂ ಮುಗಸ್ರಿ,” ಎಂದ.

ನಾನು ಬಹಳ ವಿಚಾರ ಮಾಡಿದ್ದೇನೆ. ನಿಲ್ಲಿಸಿ ತೆಗೆದ ಫೋಟೋದಲ್ಲಿ ಇದ್ದವರೆಲ್ಲ, ಯಾರು ಏನು ಕೇಳಿದರೂ ಕೊಡಲು ಉತ್ತರ ಮುಖದ ಮೇಲೆ ಬರೆದುಕೊಂಡೇ ನಿಂತಿರುತ್ತಾರೆ. ಕಳುವಿನ ಫೋಟೋದಲ್ಲಿ ಇದ್ದವರಿಗೆ ಆ ಸವಲತ್ತು ಇಲ್ಲ. ಅವರ ಪರವಾಗಿ ಬೇರೆ ಯಾರಾದರೂ ಎದ್ದು ಹೇಳಬೇಕು. ಹೇಳುವವರು ಇಲ್ಲದ ಮನೆಗೆ ಅಂಥ ಫೋಟೋ ಹೋಗಬಾರದು. ಚಾಚಾಗೆ ಇಷ್ಟು ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಬಬಲೇಶ್ವರದಲ್ಲಿ ತಮ್ಮ ಅಂಗಡಿಯ ಮೇಲೆ ಬಂದ ಮಾತು ಕೇಳಿಯೂ ಅವರು ನನ್ನನ್ನು ಬೈಯಲಿಲ್ಲ. “ಆ ಸಾಹೇಬಗ ಆ ಫೋಟೋ ಖರೇನ ಸೇರಿತ್ತು ಬೇಟಾ. ಅದ ನೋಡು ಕೆಟ್ಟದ್ದು,” ಎಂದರು.

ತಂಗಿಗೆ ಗಂಡುಮಗು ಆಯಿತು. ಮಗುವಿಗೆ ನಡೆಯಲು ಬಂದ ಮೇಲೆ, ಒಂದು ಮಧ್ಯಾಹ್ನ, ಗಂಡ ಹೆಂಡತಿ ಮಗು ಮೂವರೂ ಸ್ಟುಡಿಯೋಕ್ಕೆ ಬಂದರು. ಚಾಚಾ ನಮಾಜಿಗೆ ಹೋಗಿದ್ದರು. ನಾನೇ ಪರದೆ ಇಳಿಸಿದೆ, ಕುರ್ಚಿ ಇಟ್ಟೆ. ಅವನನ್ನು ಕೂರಿಸಿ ಮಗುವನ್ನು ತೊಡೆಯ ಮೇಲೆ ಕೊಟ್ಟೆ. ತಂಗಿ ಯಾರೂ ಹೇಳದೆ ತಾನೇ ಕುರ್ಚಿಯ ಹಿಂದೆ ಹೋಗಿ ನಿಂತಳು. ಸೆರಗು ಸರಿ ಮಾಡಿಕೊಂಡಳು, ಒಂದು ಕೈ ಕುರ್ಚಿಯ ಬೆನ್ನಿಗೆ ಇಟ್ಟಳು, ಬಾಯಿ ಮುಚ್ಚಿದಳು. ನಾನು ದೀಪ ಹಚ್ಚಿದೆ.

ಅವನು ಕುತ್ತಿಗೆ ತಿರುಗಿಸಿ ಅವಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಏನೋ ಬೇಡುವವನ ಹಾಗೆ ಹೇಳಿದ:

“ಆಕಿಗೆ ಸ್ವಲ್ಪ ನಗು ಅಂತ ಹೇಳ್ರಿ. ನೀವ ಹೇಳಿದ್ರ ನಗತಾಳ.”

ನಾನು ಕ್ಯಾಮೆರಾದ ಹಿಂದೆ ಬಗ್ಗಿದೆ. ಹೇಳಬೇಕಾದ ಮಾತನ್ನು ಹೇಳಬೇಕಾದ ಜಾಗದಲ್ಲಿ ಹೇಳದವನು ಈಗ ನನ್ನ ಬಾಯಿಯಿಂದ ಹೇಳಿಸಲು ಬಂದಿದ್ದ.

ತಂಗಿ ಅವನನ್ನು ನೋಡಲೇ ಇಲ್ಲ.

“ಹೊಡಿ ಯಣ್ಣಾ,” ಎಂದಳು. “ಬಬಲೇಶ್ವರ ಬಸ್ಸಿನ ಹೊತ್ತಾತು.”

ಹೊಡೆದೆ. ಫೋಟೋ ಚೆನ್ನಾಗಿಯೇ ಬಂತು. ಯಾರ ಕೈಯೂ ಕತ್ತರಿಸಿ ಹೋಗಿರಲಿಲ್ಲ. ಅವನು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ತಾನು ಒರಗಿ ಕೂತಿದ್ದ ಕಂಬಕ್ಕೆ ತೂಗು ಹಾಕಿದ. ಮನೆಗೆ ಬಂದ ಬೀಗರೆಲ್ಲ ನೋಡಿ, ಹೆಂಡತಿ ಬಲು ಗಂಭೀರ ಇದ್ದಾಳೆ ಎಂದು ಹೊಗಳುತ್ತಿದ್ದರಂತೆ. ಅತ್ತೆಗೂ ಆ ಫೋಟೋ ಬಹಳ ಸೇರಿತ್ತು.